ಕಚ್ಚಿದ್ದು ಯಾವುದು?

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟವರಿಗೆ ಮಂಡಕಳ್ಳಿ ಎಂದರೆ ವಿಮಾನ ನಿಲ್ದಾಣ. ಇಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇದು ಇನ್ನೂ ಅರ್ಧ ಹಳ್ಳಿ. ಹೊಸ ಬಡಾವಣೆಯ ನಡುನಡುವೆ ಹೊಲ ಉಳಿದಿದೆ. ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಕಾಂಗ್ರೆಸ್ ಗಿಡ ಬೆಳೆದಿದೆ. ಎದುರು ಮನೆಯವರ ಕೊಟ್ಟಿಗೆಯಲ್ಲಿ ಹಸುಗಳಿವೆ, ಬೀದಿಯ ತುದಿಯಲ್ಲಿ ರಾತ್ರಿಯಿಡೀ ಬೆಳ್ಳಗೆ ಉರಿಯುವ ದೀಪವಿದೆ. ಹಳ್ಳಿಯ ಹುಳವೂ ಪೇಟೆಯ ಹುಳವೂ ಒಂದೇ ಮನೆಗೆ ಬರುವ ಜಾಗ. ಹಾಗಾಗಿ ಮೈಮೇಲೆ ಒಂದು ಕೆಂಪು ಗುಳ್ಳೆ ಎದ್ದರೆ ಅದು ಯಾರ ಕೆಲಸ ಎಂದು ಹೇಳುವುದು ಇಲ್ಲಿ ಸುಲಭವಲ್ಲ.

ನಮ್ಮ ಬೀದಿಯ ಅಜ್ಜಿಯೊಬ್ಬರ ಹತ್ತಿರ ಮಕ್ಕಳು ಕೈಯೋ ಕಾಲೋ ಮುಂದೆ ಚಾಚಿಕೊಂಡು ಹೋದರೆ ಅವರು ಗುಳ್ಳೆ ನೋಡುವುದಕ್ಕೆ ಮೊದಲೇ ಕೇಳುತ್ತಾರೆ: “ಯಾವೊತ್ನಲ್ಲಿ ಕಚ್ತು ಮಗ? ಎಲ್ಲಿ ಕೂತಿದ್ದೆ?” ಇದೇ ಸರಿಯಾದ ಕ್ರಮ ಎಂದು ನಾನು ನಂಬಿದ್ದೇನೆ. ಚರ್ಮಕ್ಕೆ ಗೊತ್ತಿರುವ ಭಾಷೆ ಬಹಳ ಕಡಿಮೆ. ಸೊಳ್ಳೆ ಕಚ್ಚಿದರೂ ಉಬ್ಬುತ್ತದೆ, ಚಿಗಟ ಕಚ್ಚಿದರೂ ಉಬ್ಬುತ್ತದೆ, ಇರುವೆ ಕಚ್ಚಿದರೂ ಉಬ್ಬುತ್ತದೆ. ಗುಳ್ಳೆಯನ್ನೇ ದಿಟ್ಟಿಸುತ್ತ ಕೂರುವುದಕ್ಕಿಂತ ಹೊತ್ತು ಯಾವುದು, ಜಾಗ ಯಾವುದು, ಮೈಯ ಯಾವ ಭಾಗ, ಮನೆಯಲ್ಲಿ ಇನ್ಯಾರಿಗೆ ನವೆ ಎಂದು ವಿಚಾರಿಸಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಸೊಳ್ಳೆಯಿಂದಲೇ ಶುರುಮಾಡೋಣ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಕಟ್ಟುವುದಕ್ಕೆ ಅದಕ್ಕೆ ರಕ್ತ ಬೇಕು. ಹೀರುವಾಗ ರಕ್ತ ಹೆಪ್ಪುಗಟ್ಟದಿರಲಿ ಎಂದು ಅದು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ನಮಗೆ ನವೆ ತರುವುದು ಆ ಚುಚ್ಚಿದ ಗಾಯವಲ್ಲ, ಹೊರಗಿನಿಂದ ಬಂದ ಆ ಜೊಲ್ಲಿಗೆ ನಮ್ಮ ಮೈ ಕೊಡುವ ಉತ್ತರ. ಚರ್ಮದ ಕೆಲವು ಕಣಗಳು ಹಿಸ್ಟಮಿನ್ ಎಂಬ ರಸಾಯನವನ್ನು ಚೆಲ್ಲುತ್ತವೆ. ಅದರಿಂದ ಊತ, ಅದರಿಂದಲೇ ನವೆ. ಪದೇ ಪದೇ ಒಂದೇ ಜಾತಿಯ ಸೊಳ್ಳೆಯಿಂದ ಕಚ್ಚಿಸಿಕೊಂಡವರ ಮೈ ಕ್ರಮೇಣ ಒಗ್ಗಿಹೋಗುತ್ತದೆ. ಪುಟ್ಟ ಮಕ್ಕಳಿಗೆ, ಬೇರೆ ಊರಿನಿಂದ ರಜೆಗೆ ಬಂದ ನೆಂಟರಿಗೆ ಅದೇ ಸೊಳ್ಳೆ ರೂಪಾಯಿಯಗಲ ಊದಿಸುವುದು ಅದಕ್ಕೇ. ಮಗುವಿನ ರಕ್ತ ಕೆಟ್ಟಿದೆ ಎಂದು ತಾಯಂದಿರು ಕೊರಗಬೇಕಾಗಿಲ್ಲ.

ಸೊಳ್ಳೆಗಳಲ್ಲೂ ಹೊತ್ತಿನ ಲೆಕ್ಕವಿದೆ. ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ, ಮೇಜಿನ ಕೆಳಗೆ ಬಂದು ಪಾದ ಹಿಡಿಯುವ ಬಿಳಿ ಪಟ್ಟೆಯ ಸೊಳ್ಳೆ ಈಡಿಸ್. ಡೆಂಗಿ, ಚಿಕೂನ್‌ಗುನ್ಯ ಹರಡುವುದು ಅದೇ. ಮಲೇರಿಯಾ ತರುವ ಅನಾಫಿಲಿಸ್ ಮುಸ್ಸಂಜೆಯ ನಂತರ ಹೊರಡುತ್ತದೆ. ನಡುರಾತ್ರಿ ಕಿವಿಯ ಹತ್ತಿರ ಗುಯ್‌ಗುಟ್ಟುವುದು ಹೆಚ್ಚಾಗಿ ಚರಂಡಿ, ಕೊಳಚೆಯಲ್ಲಿ ಹುಟ್ಟಿದ ಕ್ಯೂಲೆಕ್ಸ್. ನಗರದ ಕೊಳಚೆ ಬಂದು ಸೇರುತ್ತಿದ್ದ ದಳವಾಯಿ ಕೆರೆ ನಮ್ಮ ದಿಕ್ಕಿನಲ್ಲೇ ಇರುವುದರಿಂದ ಈ ಕ್ಯೂಲೆಕ್ಸ್ ಸಂಗೀತ ನಮಗೆ ಚೆನ್ನಾಗಿ ಪರಿಚಯ. ಆದರೆ ಹೆದರಬೇಕಾದದ್ದು ಸದ್ದಿಲ್ಲದೆ ಹಗಲು ಕಚ್ಚುವುದಕ್ಕೆ. ಅದು ಹುಟ್ಟುವುದು ದೂರದ ಕೆರೆಯಲ್ಲೂ ಅಲ್ಲ, ನಮ್ಮದೇ ಡ್ರಮ್ಮಿನ ತಿಳಿನೀರಿನಲ್ಲಿ, ತಾರಸಿಯ ಮೇಲೆ ಬಿದ್ದಿರುವ ಎಳನೀರು ಬುರುಡೆಯಲ್ಲಿ. ನೀರು ಚೆಲ್ಲಿದರೆ ಸಾಲದು, ಒಣಗಿದ ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು.

ವಿಮಾನ ನಿಲ್ದಾಣದ ನೆರೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯು ಹೊರದೇಶದ ಪ್ರಯಾಣಿಕರು ಬಂದಿಳಿಯುವ ನಿಲ್ದಾಣಗಳ ಸುತ್ತ ಕನಿಷ್ಠ 400 ಮೀಟರ್‌ವರೆಗೆ ರೋಗ ಹರಡುವ ಕೀಟಗಳನ್ನು ಹತೋಟಿಯಲ್ಲಿಡಬೇಕು ಎನ್ನುತ್ತದೆ. ಹಳದಿ ಜ್ವರ ನಮ್ಮ ದೇಶಕ್ಕೆ ಕಾಲಿಟ್ಟಿಲ್ಲ, ಆದರೆ ಅದನ್ನು ಹೊರಬಲ್ಲ ಈಡಿಸ್ ಇಲ್ಲಿ ಮನೆಮನೆಯಲ್ಲೂ ಇದೆ. ಮಂಡಕಳ್ಳಿಯದು ದೇಶದೊಳಗಿನ ಹಾರಾಟದ ಪುಟ್ಟ ನಿಲ್ದಾಣವಾದರೂ ಆ 400 ಮೀಟರಿನ ಎಚ್ಚರವನ್ನು ಅದರ ಸುತ್ತಲಿನ ನಾವೇ ವಹಿಸಿಕೊಂಡರೆ ತಪ್ಪೇನು?

ಮೈಯ ಯಾವ ಭಾಗ ಎಂಬ ಪ್ರಶ್ನೆ ಚಿಗಟ ಮತ್ತು ತಿಗಣೆಯ ವಿಷಯದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಮೊಣಕಾಲಿನ ಕೆಳಗೆ, ಪಾದದ ಗಂಟಿನ ಸುತ್ತ ಚಿಕ್ಕ ಚಿಕ್ಕ ಗುಳ್ಳೆಗಳ ಗುಂಪು, ಮನೆಯಲ್ಲಿ ನಾಯಿ ಅಥವಾ ಬೆಕ್ಕು ಇದೆ ಎಂದರೆ ಅದು ಚಿಗಟ. ಆಗ ಔಷಧಿ ಬೇಕಾದದ್ದು ಮೊದಲು ನಾಯಿಗೆ. ತಿಗಣೆ ಹಾಗಲ್ಲ. ಮಲಗಿದಾಗ ಬಟ್ಟೆಯ ಹೊರಗಿದ್ದ ತೋಳು, ಕುತ್ತಿಗೆ, ಬೆನ್ನಿನ ಮೇಲೆ ಎರಡು ಮೂರು ಗುಳ್ಳೆ ಸಾಲಾಗಿ ಕಾಣುತ್ತವೆ. ಕಚ್ಚಿದ ಗುರುತು ಕೆಲವರಲ್ಲಿ ದಿನಗಳ ನಂತರ ಏಳುವುದರಿಂದ ಲಾಡ್ಜಿನಲ್ಲಿ ಕಚ್ಚಿಸಿಕೊಂಡದ್ದನ್ನು ಮನೆಯ ಹಾಸಿಗೆಯ ಮೇಲೆ ಹಾಕುವುದೂ ಉಂಟು. ಹಾಸಿಗೆಯ ಹೊಲಿಗೆ, ಮಂಚದ ಸಂದು ಬಿಡಿಸಿ ನೋಡಿದರೆ ಕಪ್ಪು ಚುಕ್ಕೆಗಳು ಸಾಕ್ಷಿ ಹೇಳುತ್ತವೆ. ಹಿಂದೆ ಮಂಚವನ್ನು ಅಂಗಳಕ್ಕೆ ಎಳೆದು ಸಂದುಗಳಿಗೆ ಕುದಿಯುವ ನೀರು ಹುಯ್ಯುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಇವತ್ತಿಗೂ ಇಲ್ಲ. ಹಲವು ಕೀಟನಾಶಕಗಳಿಗೆ ಒಗ್ಗಿಕೊಂಡ ತಿಗಣೆ ಬಿಸಿಗೆ ಮಾತ್ರ ಒಗ್ಗಿಲ್ಲ.

ಚಿಗಟದ ಹೆಸರು ಬಂದಾಗ ಮೈಸೂರಿನವರು 1898ನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಆ ವರ್ಷ ಸಂಸ್ಥಾನಕ್ಕೆ ಪ್ಲೇಗು ಬಂತು. ಕಾಯಿಲೆ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಪಾಲ್ ಲೂಯಿ ಸೀಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಆದರೆ ವೈದ್ಯ ಲೋಕ ಆತನ ಮಾತನ್ನು ಒಪ್ಪಲು ವರ್ಷಗಳೇ ಹಿಡಿದವು. ನಮ್ಮ ಹಳ್ಳಿಯ ಜನ ಆ ಶಾಸ್ತ್ರಕ್ಕೆ ಕಾಯಲಿಲ್ಲ. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯನ್ನು ಬಿಟ್ಟು ಚಿಗಟ ಬೇರೆ ಮೈ ಹುಡುಕುವ ಹೊತ್ತಿಗೆ ಮನುಷ್ಯರು ಅಲ್ಲಿರುತ್ತಿರಲಿಲ್ಲ. ಚಿಗಟವನ್ನು ಕಾಣದೆಯೇ ಚಿಗಟದಿಂದ ತಪ್ಪಿಸಿಕೊಂಡ ಆ ತಿಳಿವಳಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಇಕ್ಕಟ್ಟಾದ ಕೇರಿಗಳನ್ನು ಒಡೆದು ಅಗಲ ರಸ್ತೆ, ಗಾಳಿ ಬೆಳಕಿನ ಬಡಾವಣೆ ಮಾಡಲೆಂದು ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿದ್ದರ ಹಿಂದೆಯೂ ಪ್ಲೇಗಿನ ಪಾಠವಿತ್ತು. ನಾವು ಮೆಚ್ಚಿಕೊಳ್ಳುವ ಈ ಊರಿನ ಅಂದದಲ್ಲಿ ಚಿಗಟದ ಕಡಿತವೊಂದು ಅಡಗಿದೆ.

ಕಚ್ಚದೆಯೇ ಕಚ್ಚಿದಂತೆ ಕಾಣುವವು ಬೇರೆ ಇವೆ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಇರುವೆಯಂತೆ ಉದ್ದಕ್ಕಿರುವ, ಕಿತ್ತಳೆ ಕಪ್ಪು ಪಟ್ಟೆಯ ಹುಳವನ್ನು ಹಾಸ್ಟೆಲ್ ಹುಡುಗರು ಆಸಿಡ್ ಹುಳ ಎನ್ನುತ್ತಾರೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಕುತ್ತಿಗೆಯ ಮೇಲೆ ಹರಿದಾಗ ನಾವು ಹೊಸಕುತ್ತೇವಲ್ಲ, ಆಗ ಅದರ ಮೈಯ ರಸ ಚರ್ಮವನ್ನು ಸುಡುತ್ತದೆ. ಒಂದೆರಡು ದಿನ ಬಿಟ್ಟು ಬರೆ ಎಳೆದಂತೆ ಉದ್ದಕ್ಕೆ ಕೆಂಪಾಗಿ ಬೊಕ್ಕೆ ಬರುತ್ತದೆ. ನವೆಗಿಂತ ಉರಿ ಹೆಚ್ಚು. ಇದನ್ನು ಸರ್ಪಸುತ್ತು ಎಂದುಕೊಂಡು ಗಾಬರಿಯಾಗುವವರಿದ್ದಾರೆ. ಹುಳ ಮೈಮೇಲೆ ಕಂಡರೆ ಊದಿ ಹಾರಿಸಿ, ಹೊಸಕಿಹೋಗಿದ್ದರೆ ತಕ್ಷಣ ಸೋಪು ನೀರಿನಲ್ಲಿ ತೊಳೆಯಿರಿ. ನುಗ್ಗೆ ಮರದ ಕಂಬಳಿಹುಳದ್ದೂ ಕಡಿತವಲ್ಲ, ಚರ್ಮಕ್ಕೆ ನೆಟ್ಟ ಕೂದಲು. ಉಜ್ಜಿದರೆ ಇನ್ನೂ ಒಳಗಿಳಿಯುತ್ತದೆ, ಅಂಟು ಟೇಪು ಒತ್ತಿ ಕಿತ್ತರೆ ಬರುತ್ತದೆ. ಪಿತ್ತದ ಗಂಧೆಯನ್ನು ಗುರುತಿಸುವುದಕ್ಕೆ ಸುಲಭದ ದಾರಿಯಿದೆ. ಗುಳ್ಳೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಗಂಧೆಯಾದರೆ ಮರುದಿನದೊಳಗೆ ಅಲ್ಲಿಂದ ಮಾಯವಾಗಿ ಇನ್ನೆಲ್ಲೋ ಏಳುತ್ತದೆ, ಹುಳದ ಕಡಿತ ಇದ್ದಲ್ಲೇ ಇರುತ್ತದೆ. ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ವಾರಗಟ್ಟಲೆ ನವೆ ಎಂದರೆ ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಕಡೆ ತಿರುಗಿ ನೋಡಬೇಕು. ಆ ಗಿಡ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಎಲ್ಲ ಹುಳವೂ ನಮ್ಮ ಹಗೆಯಲ್ಲ.

ಕಜ್ಜಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ನಾಚಿಕೆ ಅಡ್ಡ ಬರುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟ, ಹೊಕ್ಕುಳ ಸುತ್ತ ನವೆ, ರಾತ್ರಿ ಹೊದ್ದು ಮಲಗಿದ ಮೇಲೆ ಇನ್ನೂ ಜಾಸ್ತಿ, ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಕೆರೆದುಕೊಳ್ಳುತ್ತಿದ್ದಾರೆ ಎಂದರೆ ಅದು ಸೊಳ್ಳೆಯಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತಿದೆ. ಕೊಳಕಿಗೆ ಬರುವ ಕಾಯಿಲೆ ಎಂಬ ಹೆದರಿಕೆಯಿಂದ ಜನ ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ಹರಡುತ್ತದೆ. ಎಷ್ಟು ಶುಚಿಯಾಗಿರುವವರಿಗೂ ಒಂದೇ ಹಾಸಿಗೆ, ಒಂದೇ ಹೊದಿಕೆಯಿಂದ ಬರಬಹುದು. ವೈದ್ಯರು ಬರೆದುಕೊಡುವ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು, ವಾರ ಬಿಟ್ಟು ಮತ್ತೊಮ್ಮೆ. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ನವೆ ಇಲ್ಲದವರೂ ಸೇರಿ. ಒಬ್ಬರು ಬಿಟ್ಟರೆ ಎಲ್ಲರ ಶ್ರಮವೂ ವ್ಯರ್ಥ. ನುಸಿ ಸತ್ತ ಮೇಲೂ ಕೆಲವು ವಾರ ನವೆ ಉಳಿಯುತ್ತದೆ, ಧೈರ್ಯಗೆಡಬಾರದು.

ಜೇನು, ಕಣಜಗಳ ಮಾತು ಚುಟುಕಾಗಿ ಹೇಳಿ ಮುಗಿಸಬೇಕಾದದ್ದು, ಯಾಕೆಂದರೆ ಅಲ್ಲಿ ಕ್ಷಣಗಳ ಲೆಕ್ಕ. ಜೇನು ಕೊಂಡಿಯನ್ನು ವಿಷದ ಚೀಲದ ಸಮೇತ ಬಿಟ್ಟು ಹೋಗುತ್ತದೆ, ಉಗುರಿನಲ್ಲೋ ಚಿಮಟದಲ್ಲೋ ಸಿಕ್ಕಿದ್ದರಲ್ಲಿ ಬೇಗ ಕೀಳಿ. ಕಣಜ ಕೊಂಡಿ ಬಿಡುವುದಿಲ್ಲ, ಮತ್ತೆ ಮತ್ತೆ ಕುಟುಕಬಲ್ಲದು. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಿ, ಒಂದು ಕುಟುಕಿದ ಜಾಗದ ವಾಸನೆಗೇ ಉಳಿದವು ಬರುತ್ತವೆ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಮನೆಮದ್ದು ಹುಡುಕದೆ 108ಕ್ಕೆ ಫೋನ್ ಮಾಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು.

ಇನ್ನು ನವೆಗೆ ಪರಿಹಾರ. ಮೊದಲ ಔಷಧಿ ತಣ್ಣೀರು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟರೆ ನರ ಮಂಕಾಗಿ ನವೆ ಇಳಿಯುತ್ತದೆ, ಊತವೂ ತಗ್ಗುತ್ತದೆ. ಕ್ಯಾಲಮೈನ್ ಲೋಷನ್ ತಂಪು ಕೊಡುತ್ತದೆ. ರಾತ್ರಿ ನಿದ್ದೆಗೆಡಿಸುವಷ್ಟಿದ್ದರೆ ವೈದ್ಯರನ್ನು ಕೇಳಿ ಸೆಟ್ರಿಜಿನ್‌ನಂಥ ಮಾತ್ರೆ ತೆಗೆದುಕೊಳ್ಳಬಹುದು. ದೊಡ್ಡಪತ್ರೆ ಸೊಪ್ಪನ್ನು ಹಿಸುಕಿ ಹಚ್ಚುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ನನಗೆ ಅದರಿಂದ ಹಾಯೆನಿಸುತ್ತದೆ, ಕುಂಡದಲ್ಲಿ ಗಿಡವನ್ನೂ ಇಟ್ಟಿದ್ದೇನೆ. ಕೆರೆದು ಗಾಯವಾಗಿರದ ಚರ್ಮಕ್ಕೆ ಮಾತ್ರ ಹಚ್ಚಬೇಕು. ಸುಣ್ಣವನ್ನು ಮಾತ್ರ ನಾನು ಒಪ್ಪುವುದಿಲ್ಲ. ಚರ್ಮದ ಆಳಕ್ಕೆ ಇಳಿದ ವಿಷವನ್ನು ಮೇಲೆ ಬಳಿದ ಸುಣ್ಣ ಮುಟ್ಟುವುದೇ ಇಲ್ಲ, ಎಳೆ ಚರ್ಮವನ್ನು ಸುಡುತ್ತದೆ ಅಷ್ಟೆ. ಅದಕ್ಕಿಂತ ದೊಡ್ಡ ಕೇಡು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ, ಮೂರು ಔಷಧಿ ಬೆರೆಸಿದ ಸ್ಟಿರಾಯ್ಡ್ ಮುಲಾಮು. ಎರಡು ದಿನ ನವೆ ಮುಚ್ಚಿ ಹೋಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಅಡಿಯಲ್ಲಿ ಹುಳುಕಡ್ಡಿ ಇದ್ದರೆ ಅದು ಸುತ್ತಲೂ ಹರಡುತ್ತದೆ.

ಎಲ್ಲಕ್ಕಿಂತ ಮೊದಲು ಮಕ್ಕಳ ಉಗುರು ಕತ್ತರಿಸಬೇಕು. ಕೆರೆದಷ್ಟೂ ನವೆ ಹೆಚ್ಚುತ್ತದೆ, ಚರ್ಮ ಹರಿದು ಕೀವಾಗುತ್ತದೆ. ಅಂಥ ಕೀವಿನ ಹುಣ್ಣಿನ ಹಿಂದೆಯೇ ಕೆಲವು ಮಕ್ಕಳಲ್ಲಿ ಮುಖ ಊದಿ, ಮೂತ್ರ ಕೆಂಪಾಗಿ, ಮೂತ್ರಪಿಂಡಕ್ಕೆ ತೊಂದರೆಯಾಗುವುದುಂಟು. ಸೊಳ್ಳೆ ಮಾಡದ ಹಾನಿಯನ್ನು ಉಗುರು ಮಾಡುತ್ತದೆ.

ನಮ್ಮ ಮನೆ ಮುಂದಿನ ಹೆದ್ದಾರಿ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲೂ ಕಂಡಿತು. ಅದನ್ನು ತರುವ ಉಣ್ಣೆಯ ಮರಿ ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾಡಿನ ಕಡೆ ಹೋಗಿ ಬಂದರೆ ಬಟ್ಟೆ ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿಕೊಳ್ಳಿ. ಅಂಟಿದ ಉಣ್ಣೆಗೆ ಸೀಮೆಎಣ್ಣೆ ಹಾಕಬೇಡಿ, ಬೆಂಕಿ ತಾಗಿಸಬೇಡಿ. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಕಾಡಿಗೇ ಹೋಗಬೇಕೆಂದಿಲ್ಲ. ಮಳೆಗಾಲ ಕಳೆದ ಮೇಲೆ ಹೊಲದ ಬದು, ಖಾಲಿ ಸೈಟಿನ ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿದರೆ ಸ್ಕ್ರಬ್ ಟೈಫಸ್ ಎಂಬ ಜ್ವರ ಬರಬಹುದು. ಕಚ್ಚಿದ ಜಾಗದಲ್ಲಿ ನವೆಯೂ ಇಲ್ಲದ, ನೋವೂ ಇಲ್ಲದ ಕಪ್ಪು ಹಕ್ಕಳೆಯೊಂದು ಕಟ್ಟುತ್ತದೆ, ಅದೂ ಕಂಕುಳು, ತೊಡೆಸಂದಿ, ಸೀರೆ ಪಂಚೆ ಕಟ್ಟುವ ಸೊಂಟದಂಥ ಮರೆಯ ಜಾಗದಲ್ಲಿ. ಗುರುತು ಸಿಕ್ಕಿದರೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಗೆ ಜ್ವರ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ, ತಡವಾದರೆ ಪ್ರಾಣಕ್ಕೇ ಸಂಚಕಾರ. ಬಿಡದ ಜ್ವರಕ್ಕೆ ವೈದ್ಯರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: ಹಿಂದಿನ ಮೂರು ವಾರದಲ್ಲಿ ಎಲ್ಲಿ ಓಡಾಡಿದಿರಿ, ಎಲ್ಲಿ ಕೂತಿರಿ, ಮೈಮೇಲೆ ಎಲ್ಲಾದರೂ ಕಪ್ಪು ಹಕ್ಕಳೆ ಇದೆಯೇ. ನಾಚಿಕೆ ಬಿಟ್ಟು ಆ ಜಾಗವನ್ನು ತೋರಿಸಿ.