‘ಸಬ್ಮಿಟ್’ ಒತ್ತಿದ ಮೇಲೆ

ಹೆಸರು, ಇಮೇಲ್, ಸಂದೇಶ. ಮೂರು ಚೌಕ, ಕೆಳಗೊಂದು ಗುಂಡಿ. ವೆಬ್‌ಸೈಟ್ ಮಾಡಿಸುವವರ ಪಟ್ಟಿಯಲ್ಲಿ ಇದಕ್ಕೆ ಯಾವಾಗಲೂ ಕೊನೆಯ ಪಂಕ್ತಿ. ಬಣ್ಣ ಯಾವುದಿರಬೇಕು, ಜಲಪಾತದ ಫೋಟೊ ಮೇಲಿರಬೇಕೋ ಕೆಳಗಿರಬೇಕೋ ಎಂದು ಮೂರು ವಾರ ಚರ್ಚೆಯಾಗುತ್ತದೆ. ಎಲ್ಲ ಮುಗಿದು ಎದ್ದು ಹೊರಡುವ ಹೊತ್ತಿಗೆ, ‘ಹಾಂ, ಆ ಕಾಂಟ್ಯಾಕ್ಟ್ ಫಾರಂ ಒಂದು ಹಾಕಿಬಿಡು’ ಎಂಬ ಮಾತು ಬರುತ್ತದೆ. ಹಾಕುವವನೂ ‘ಅದೇನು ಮಹಾ, ಹತ್ತು ನಿಮಿಷ’ ಎನ್ನುತ್ತಾನೆ.

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ನಡುವೆ ಹೋಂಸ್ಟೇ ನಡೆಸುವವರೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ವೆಬ್‌ಸೈಟ್ ಮಾಡಿಕೊಟ್ಟವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ. ಫಾರಂ ತುಂಬಿ ಗುಂಡಿ ಒತ್ತಿದರೆ ಹಸಿರು ಅಕ್ಷರದಲ್ಲಿ ‘ಧನ್ಯವಾದಗಳು, ನಿಮ್ಮ ಸಂದೇಶ ನಮಗೆ ತಲುಪಿದೆ’ ಎಂದು ಮೂಡುತ್ತದೆ. ಚೆನ್ನಾಗಿದೆ. ಆದರೆ ತಿಂಗಳಾದರೂ ಒಂದು ಮೇಲ್ ಬರಲಿಲ್ಲ. ಮಳೆ ಜೋರು, ಜನ ಎಲ್ಲಿ ಬಂದಾರು ಎಂದು ಮಾಲೀಕರು ಸಮಾಧಾನ ಮಾಡಿಕೊಂಡರು. ಒಂದು ದಿನ ಹಳೆಯ ಅತಿಥಿಯೊಬ್ಬರ ಫೋನ್: ‘ಎರಡು ಸಲ ಬರೆದೆವಲ್ಲ, ಉತ್ತರವೇ ಇಲ್ಲ. ನಡೆಸೋದು ನಿಲ್ಲಿಸಿಬಿಟ್ರಾ?’

‘ಏನೋ ಇದು, ತಲುಪಿದೆ ಅಂತ ತೋರಿಸುತ್ತಲ್ಲೋ?’

‘ಕೋಡ್ ಸರಿ ಇದೆ ಮಾವ. ಮೇಲ್ ಹೋಗಿದೆ.’

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳುತ್ತಿರುವುದು ಹಸಿರು ಅಕ್ಷರದ ಆ ಒಂದು ಕ್ರಿಯಾಪದ. ಸಾಮಾನ್ಯ ಹೋಸ್ಟಿಂಗ್‌ನಲ್ಲಿ ಇಂಥ ಫಾರಂನ ಹಿಂದೆ ಕುಳಿತಿರುವುದು ಪಿಎಚ್‌ಪಿ ಭಾಷೆಯ ‘ಮೇಲ್’ ಎಂಬ ಪುಟ್ಟ ಆಜ್ಞೆ. ಅದು ‘ಹೌದು’ ಎಂದು ಉತ್ತರ ಕೊಟ್ಟರೆ ಅದಕ್ಕಿರುವ ಅರ್ಥ ಇಷ್ಟೇ: ಅದೇ ಯಂತ್ರದೊಳಗಿನ ಟಪಾಲು ತಂತ್ರಾಂಶ ಪತ್ರವನ್ನು ಕೈಗೆ ತೆಗೆದುಕೊಂಡಿದೆ. ತೆಗೆದುಕೊಂಡದ್ದನ್ನು ಎಲ್ಲಿಗೆ ಒಯ್ದಿತು, ಬಾಗಿಲಲ್ಲಿ ಯಾರು ತಡೆದರು, ಯಾವ ಮೂಲೆಗೆ ಎಸೆದರು ಎಂಬುದು ಅದಕ್ಕೆ ಗೊತ್ತಿಲ್ಲ. ಕೆಂಪು ಡಬ್ಬದ ಬಾಯಿಗೆ ಕಾಗದ ಹಾಕಿ, ಒಳಗೆ ಬಿದ್ದ ಸದ್ದು ಕೇಳಿದ ಕೂಡಲೇ ‘ಅಜ್ಜಿ ಓದಿದರು’ ಎಂದು ಮನೆಗೆ ಬಂದು ಹೇಳಿದಂತೆ.

ಈ ಟಪಾಲು ವ್ಯವಸ್ಥೆಯ ಮೂಲ ಸ್ವಭಾವವೇ ನಂಬುವುದು. 1982ರ ಆಗಸ್ಟಿನಲ್ಲಿ ಜಾನ್ ಪೊಸ್ಟೆಲ್ (ಬರೆದರೆ ಅಂಚೆ ಇಲಾಖೆಯವರಂತೆಯೇ ಕಾಣುವ ಹೆಸರು) ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಆರ್‌ಎಫ್‌ಸಿ 821 ಎಂಬ ಸಂಖ್ಯೆಯಲ್ಲಿ ಪ್ರಕಟಿಸಿದರು. ಒಂದು ಯಂತ್ರ ಇನ್ನೊಂದರ ಬಾಗಿಲು ತಟ್ಟಿ ‘ಹೆಲೋ’ ಎನ್ನಬೇಕು. ನಾಲ್ಕಕ್ಷರದ ಆಜ್ಞೆ ಬೇಕೆಂದು ಅದರ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಲ್’ ಕಡಿಮೆ. ಆಮೇಲೆ ಯಾರಿಂದ, ಯಾರಿಗೆ, ಏನು ವಿಷಯ. ಕೊನೆಗೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಟ್ಟರೆ ಪತ್ರ ಮುಗಿಯಿತು. ಆ ಕಡೆಯವರು ‘250’ ಎಂದರೆ ಒಪ್ಪಿಗೆ, ‘550’ ಎಂದರೆ ಅಂಥವರು ಇಲ್ಲಿಲ್ಲ. ಈ ಸಂಭಾಷಣೆಯಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಒಂದೇ: ‘ಯಾರಿಂದ ಅಂತ ಹೇಳಿದಿರಲ್ಲ, ಅದು ನೀವೇನಾ?’ ಆಗಿನ ಜಾಲದಲ್ಲಿದ್ದವರು ವಿಶ್ವವಿದ್ಯಾಲಯದವರು, ಸಂಶೋಧಕರು. ಹೆಚ್ಚು ಕಡಿಮೆ ಒಂದೇ ಓಣಿಯವರು. ಹಳ್ಳಿಯಲ್ಲಿ ಬಾಗಿಲಿಗೆ ಅಗುಳಿ ಹಾಕುವ ಪದ್ಧತಿ ಇರುವುದಿಲ್ಲ. ಹಾಗಂತ 1978ರಲ್ಲೇ ಕಂಪ್ಯೂಟರ್ ಮಾರುವವನೊಬ್ಬ ಸುಮಾರು 400 ಜನರಿಗೆ ಕೇಳದೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. ಎಚ್ಚರಿಕೆ ಅಷ್ಟು ಹೊತ್ತಿಗೇ ಸಿಕ್ಕಿತ್ತು, ಅಗುಳಿ ಮಾತ್ರ ಬರಲಿಲ್ಲ.

ಅಗುಳಿಯಿಲ್ಲದ ಬಾಗಿಲಿಗೆ ಫಾರಂ ಬಂದು ಸೇರಿದ್ದು 1990ರ ದಶಕದಲ್ಲಿ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮ್ಯಾಟ್ ರೈಟ್ ಎಂಬ ಹೈಸ್ಕೂಲ್ ಹುಡುಗ 1995ರಲ್ಲಿ ತಾನು ಬರೆದ ಪರ್ಲ್ ಭಾಷೆಯ ಸಣ್ಣ ಪ್ರೋಗ್ರಾಮುಗಳನ್ನು ಪುಕ್ಕಟೆಯಾಗಿ ಹಂಚತೊಡಗಿದ. ಅದರಲ್ಲಿ ಒಂದು ‘ಫಾರ್ಮ್‌ಮೇಲ್’. ತುಂಬಿದ ಫಾರಂ ಅನ್ನು ಇಮೇಲ್ ಮಾಡಿ ಕಳಿಸುವುದಷ್ಟೇ ಅದರ ಕೆಲಸ. ಲಕ್ಷಗಟ್ಟಲೆ ಜನ ಇಳಿಸಿಕೊಂಡರು. ಬಳಸುವುದು ಅಷ್ಟು ಸುಲಭ: ಪತ್ರ ಯಾರಿಗೆ ಹೋಗಬೇಕೆಂಬ ವಿಳಾಸವನ್ನು ಫಾರಂನ ಒಳಗೇ ಮರೆಯಾಗಿರುವ ಒಂದು ಚೌಕದಲ್ಲಿ ಬರೆದಿಟ್ಟರೆ ಸಾಕು, ಪ್ರೋಗ್ರಾಮನ್ನು ಮುಟ್ಟಬೇಕಿಲ್ಲ. ಎಡವಟ್ಟು ಅಲ್ಲೇ ಇತ್ತು. ಮರೆಯಾಗಿರುವುದು ಎಂದರೆ ಪರದೆಯ ಮೇಲೆ ಕಾಣದ್ದು ಎಂದಷ್ಟೇ. ಪುಟದ ಮೂಲವನ್ನು ತೆರೆದವರಿಗೆಲ್ಲ ಕಾಣುತ್ತದೆ, ಬದಲಿಸುವುದಕ್ಕೂ ಬರುತ್ತದೆ. ಸ್ಪ್ಯಾಮ್ ವ್ಯಾಪಾರಿಗಳು ಆ ಜಾಗದಲ್ಲಿ ತಮಗೆ ಬೇಕಾದವರ ವಿಳಾಸಗಳನ್ನು ಸುರಿದರು. ಶಾಲೆ, ಚರ್ಚು, ಹೂವಿನಂಗಡಿಗಳ ವೆಬ್‌ಸೈಟುಗಳು ರಾತ್ರಿಯೆಲ್ಲ ಬೇರೆಯವರ ಮಾತ್ರೆ, ಸಾಲಗಳ ಜಾಹೀರಾತು ಹಂಚಿದವು. ಮುಂದೆ ಲಂಡನ್ನಿನ ಪರ್ಲ್ ಪ್ರೋಗ್ರಾಮರುಗಳ ಗುಂಪೊಂದು ಅದೇ ಕೆಲಸಕ್ಕೆ ಭದ್ರವಾದ ಬದಲಿಯೊಂದನ್ನು ಬರೆಯಿತು. ರೈಟ್ ತನ್ನ ಪುಟದಲ್ಲೇ ‘ನನ್ನದರ ಬದಲು ಅದನ್ನು ಬಳಸಿ’ ಎಂದು ಸೂಚಿಸಿದ. ತನ್ನ ಅಂಗಡಿಯ ಮುಂದೆ ಪಕ್ಕದ ಅಂಗಡಿಯ ಬೋರ್ಡು ಹಾಕುವ ಧಾರಾಳ ಎಲ್ಲರಿಗೂ ಬರುವಂಥದಲ್ಲ.

ವಿಳಾಸವನ್ನು ಫಾರಂನಿಂದ ತೆಗೆದು ಪ್ರೋಗ್ರಾಮಿನೊಳಗೇ ಬಚ್ಚಿಟ್ಟ ಮೇಲೆ ಕಳ್ಳರು ಹೊಸ ಸಂದಿ ಹುಡುಕಿದರು. ಇಮೇಲಿನ ತಲೆಬರಹದಲ್ಲಿ ಒಂದೊಂದು ವಿವರವೂ ಒಂದೊಂದು ಸಾಲು. ಸಾಲು ಮುರಿದರೆ ಹೊಸ ವಿವರ ಶುರು. ಹಾಗಾದರೆ ‘ಇಮೇಲ್’ ಎಂಬ ಚೌಕದಲ್ಲಿ ವಿಳಾಸ ಬರೆದು, ಕಣ್ಣಿಗೆ ಕಾಣದ ಒಂದು ಸಾಲುಮುರಿತ ಸೇರಿಸಿ, ಅದರ ಮುಂದೆ ‘ಬಿಸಿಸಿ’ ಎಂದು ಸಾವಿರ ವಿಳಾಸ ತುರುಕಿದರೆ? ಪತ್ರ ಹೋಂಸ್ಟೇಗೂ ಹೋಗುತ್ತದೆ, ಜೊತೆಗೆ ಆ ಸಾವಿರ ಜನಕ್ಕೂ. ಒಂದು ಎಂಟರ್ ಕೀಲಿಯ ಬೆಲೆ ಇದು. ಚೌಕಕ್ಕೆ ಬಂದ ಅಕ್ಷರಗಳಲ್ಲಿ ಸಾಲುಮುರಿತ ಇದ್ದರೆ ಕಿತ್ತುಹಾಕುವ ಒಂದು ಸಾಲಿನ ಕೋಡ್ ಸಾಕು ಇದಕ್ಕೆ. ಆ ಒಂದು ಸಾಲು ಬರೆಯದೆ ಬಿಟ್ಟ ಫಾರಂಗಳು ಎಷ್ಟೋ.

ಸಿದ್ಧ ತಂತ್ರಾಂಶ ಬಳಸಿದರೆ ನಿಶ್ಚಿಂತೆ ಎನ್ನುವವರಿಗೆ 2016ರ ಡಿಸೆಂಬರ್ ನೆನಪಿರಬೇಕು. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾಗಳೆಲ್ಲದರ ಜೊತೆ ಬಳಕೆಯಲ್ಲಿದ್ದ ‘ಪಿಎಚ್‌ಪಿಮೇಲರ್’ ಎಂಬ ಕೋಡ್ ಗ್ರಂಥಾಲಯದಲ್ಲಿ ಆಗ ದೊಡ್ಡ ತೂತೊಂದು ಕಂಡಿತು. ಕಳಿಸುವವರ ವಿಳಾಸ ಎಂಬ ಜಾಗದಲ್ಲಿ ಉದ್ಧರಣ ಚಿಹ್ನೆ, ಖಾಲಿ ಜಾಗಗಳನ್ನು ಹದವಾಗಿ ಬೆರೆಸಿ ಬರೆದರೆ, ಅದು ವಿಳಾಸವಾಗಿ ಉಳಿಯದೆ ಸರ್ವರಿಗೆ ಕೊಟ್ಟ ಅಪ್ಪಣೆಯಾಗುತ್ತಿತ್ತು. ಇಮೇಲ್ ನಿಯಮದ ಪ್ರಕಾರ ಉದ್ಧರಣ ಚಿಹ್ನೆಯೊಳಗೆ ಖಾಲಿ ಜಾಗ ಇರುವ ವಿಳಾಸವೂ ಸಕ್ರಮ! ಅಂಥ ವಿಳಾಸ ಇಟ್ಟುಕೊಂಡ ಮನುಷ್ಯನನ್ನು ಯಾರೂ ಕಂಡಿರಲಿಕ್ಕಿಲ್ಲ, ಆದರೆ ನಿಯಮ ಅವನಿಗೂ ಜಾಗ ಬಿಟ್ಟಿತ್ತು, ಆ ಜಾಗದಲ್ಲಿ ಕಳ್ಳ ನುಗ್ಗಿದ. 5.2.18ನೇ ಆವೃತ್ತಿಯಲ್ಲಿ ಹಾಕಿದ ತೇಪೆ ಸಾಲದೆ, ಕೆಲವೇ ದಿನದಲ್ಲಿ 5.2.20 ಹೊರಡಿಸಬೇಕಾಯಿತು.

ಇಷ್ಟೆಲ್ಲ ಆಗುತ್ತಿರುವಾಗ ಊರಿನವರು ಸುಮ್ಮನಿದ್ದಾರೆಯೇ? ಕೊನೆಗೂ ಬಾಗಿಲಿಗೆ ಅಗುಳಿ ಬಂತು, ಒಂದಲ್ಲ ಮೂರು. ‘ನಮ್ಮ ಡೊಮೇನ್ ಹೆಸರಿನಲ್ಲಿ ಪತ್ರ ಕಳಿಸಲು ಇಂತಿಂಥ ಯಂತ್ರಗಳಿಗೆ ಮಾತ್ರ ಹಕ್ಕು’ ಎಂದು ಊರಿಗೆಲ್ಲ ಕಾಣುವಂತೆ ಬರೆದು ಹಾಕುವುದು ಎಸ್‌ಪಿಎಫ್. ಪತ್ರಕ್ಕೆ ಮೊಹರು ಒತ್ತಿ ಕಳಿಸುವುದು ಡಿಕಿಮ್. ಪತ್ರದ ಮೇಲೆ ಕಾಣುವ ಹೆಸರು ಇವೆರಡರಲ್ಲಿ ಒಂದಕ್ಕಾದರೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. 2014ರ ಏಪ್ರಿಲ್‌ನಲ್ಲಿ ಯಾಹೂ ಈ ಮೂರನೆಯದನ್ನು ಬಿಗಿ ಮಾಡಿತು: ಯಾಹೂ ವಿಳಾಸ ಹೊತ್ತ ಪತ್ರ ಯಾಹೂ ಯಂತ್ರದಿಂದ ಬರದಿದ್ದರೆ ಒಳಗೆ ಬಿಡಬೇಡಿ. 2024ರ ಫೆಬ್ರುವರಿಯಿಂದ ಜಿಮೇಲ್ ಕೂಡ ಕಳಿಸುವವರೆಲ್ಲರಿಂದ ಮೊದಲೆರಡರಲ್ಲಿ ಒಂದನ್ನಾದರೂ ಕೇಳುತ್ತಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಾದರೆ ಮೂರೂ ಬೇಕು.

ತೀರ್ಥಹಳ್ಳಿಯ ಪತ್ರಗಳು ಸಿಕ್ಕಿಬಿದ್ದದ್ದು ಇಲ್ಲಿ. ಅತಿಥಿ ಫಾರಂನಲ್ಲಿ ತನ್ನ ವಿಳಾಸ ಬರೆಯುತ್ತಾನೆ. ಮಾವನಿಗೆ ಉತ್ತರ ಬರೆಯಲು ಅನುಕೂಲವಾಗಲಿ ಎಂದು ಅಳಿಯ ಅದೇ ವಿಳಾಸವನ್ನು ‘ಫ್ರಮ್’ ಜಾಗದಲ್ಲಿ ಹಾಕಿದ್ದ. ಒಳ್ಳೆಯ ಬುದ್ಧಿಯಿಂದ ಮಾಡಿದ ಫೋರ್ಜರಿ ಅದು. ಎಲ್ಲೋ ಇರುವ ಅಗ್ಗದ ಹೋಸ್ಟಿಂಗ್ ಯಂತ್ರವೊಂದು ‘ನಾನು ಯಾಹೂವಿನ ಇಂಥವರು’ ಎಂದುಕೊಂಡು ಮಾವನ ಜಿಮೇಲ್ ಬಾಗಿಲಿಗೆ ಬಂದರೆ ಕಾವಲುಗಾರ ಬಿಟ್ಟಾನೆಯೇ? ಯಾಹೂ ವಿಳಾಸದವರ ಪತ್ರಗಳನ್ನು ಬಾಗಿಲಲ್ಲೇ ತಿರುಗಿಸಿದ. ಜಿಮೇಲ್ ವಿಳಾಸದವರದ್ದನ್ನು ಒಳಗೆ ಬಿಟ್ಟು ಸ್ಪ್ಯಾಮ್ ಕೋಣೆಯಲ್ಲಿ ಕೂರಿಸಿದ. ತಿರುಗಿಸಿದ್ದಕ್ಕೆ ಒಂದು ಓಲೆಯನ್ನೇನೋ ಕೊಟ್ಟು ಕಳಿಸಿದ. ಅದು ಹೋಗಿ ಸೇರಿದ್ದು ಸರ್ವರ್‌ನೊಳಗೆ ವೆಬ್ ತಂತ್ರಾಂಶದ ಹೆಸರಿನಲ್ಲಿರುವ, ಹುಟ್ಟಿದಂದಿನಿಂದ ಯಾರೂ ತೆರೆಯದ ಪೆಟ್ಟಿಗೆಗೆ.

ಮದ್ದು ಸರಳ. ‘ಫ್ರಮ್’ ಜಾಗದಲ್ಲಿ ಹೋಂಸ್ಟೇಯದೇ ಡೊಮೇನಿನ ವಿಳಾಸ, ‘ರಿಪ್ಲೈ ಟು’ ಜಾಗದಲ್ಲಿ ಅತಿಥಿಯ ವಿಳಾಸ. ಪತ್ರ ಬರೆದವರು ಬೇರೆ, ಹೊತ್ತು ತಂದವರು ಬೇರೆ ಎಂದು ಒಪ್ಪಿಕೊಂಡಂತೆ. ಕಳಿಸುವ ಕೆಲಸವನ್ನು ಹೋಸ್ಟಿಂಗ್ ಯಂತ್ರದ ತಲೆಗೆ ಕಟ್ಟದೆ, ಹೆಸರು ಗುಟ್ಟುಪದ ಕೊಟ್ಟು 587ನೇ ಪೋರ್ಟ್ ಎಂಬ ಬಾಗಿಲಿನಿಂದ ಒಳ್ಳೆಯ ಮೇಲ್ ಸೇವೆಯೊಂದಕ್ಕೆ ಒಪ್ಪಿಸುವುದು. ಎಲ್ಲಕ್ಕಿಂತ ಮೊದಲು, ಬಂದ ಸಂದೇಶವನ್ನು ವೆಬ್‌ಸೈಟಿನ ಡೇಟಾಬೇಸಿನಲ್ಲೇ ಒಂದು ಪ್ರತಿ ಬರೆದಿಟ್ಟುಕೊಳ್ಳುವುದು. ಮೇಲ್ ಹೋಗಲಿ ಬಿಡಲಿ, ಅತಿಥಿ ಬರೆದದ್ದು ಉಳಿಯುತ್ತದೆ. ಇದನ್ನು ಮಾಡದ ಫಾರಂ ಎಷ್ಟೇ ಚೆಂದವಿದ್ದರೂ ಅರ್ಧ ಕೆಲಸವೇ.

ಕನ್ನಡದಲ್ಲಿ ಬರೆಯುವ ಅತಿಥಿ ಬಂದರೆ ಇನ್ನೊಂದು ಸುತ್ತಿನ ಕತೆ. ಇಮೇಲಿನ ತಲೆಬರಹ ಹುಟ್ಟಿದ್ದು ಇಂಗ್ಲಿಷ್ ಅಕ್ಷರಕ್ಕೆ. ಬೇರೆ ಲಿಪಿಯನ್ನು ಅದರೊಳಗೆ ವೇಷ ಹಾಕಿಸಿ ಸಾಗಿಸುವ ಉಪಾಯ 1992ರದು, ಇಂದಿಗೂ ಹೆಚ್ಚಾಗಿ ಅದೇ. ‘ಸಂಪರ್ಕ’ ಎಂಬ ವಿಷಯಸಾಲನ್ನು ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಸ, ಸೊನ್ನೆ, ಪ, ರ, ವಿರಾಮ, ಕ ಎಂದು ಆರು ಸಂಕೇತ. ಒಂದೊಂದಕ್ಕೆ ಮೂರು ಬೈಟಿನಂತೆ 18 ಬೈಟು. ವೇಷ ಹಾಕಿದ ಮೇಲೆ ಪ್ರತಿ ಮೂರು ಬೈಟಿಗೆ ನಾಲ್ಕು ಇಂಗ್ಲಿಷ್ ಅಕ್ಷರದಂತೆ 24. ಇಂಥ ಒಂದು ಪೊಟ್ಟಣ 75 ಅಕ್ಷರ ಮೀರುವಂತಿಲ್ಲ. ಕಟ್ಟುವ ದಾರಕ್ಕೇ 12 ಖರ್ಚು. ಲೆಕ್ಕ ಹಾಕಿದರೆ ಒಂದು ಪೊಟ್ಟಣಕ್ಕೆ ಹಿಡಿಯುವುದು ಕನ್ನಡದ 15 ಸಂಕೇತ ಮಾತ್ರ. ಉದ್ದದ ವಿಷಯವಿದ್ದರೆ ಹಲವು ಪೊಟ್ಟಣ. ಕಟ್ಟುವ ಕೋಡ್ ಅಡ್ಡಾದಿಡ್ಡಿಯಾಗಿ ಅಕ್ಷರದ ನಡುವೆಯೇ ಕತ್ತರಿ ಹಾಕಿತೋ, ‘ಮೂರು ದಿನಕ್ಕೆ ಎರಡು ಕೋಣೆ ಸಿಗಬಹುದೇ’ ಎಂಬುದರ ಮಧ್ಯೆ ಪ್ರಶ್ನಾರ್ಥಕ ಚಿಹ್ನೆ ಹೊತ್ತ ಕಪ್ಪು ವಜ್ರಗಳು ಬಂದು ಕೂರುತ್ತವೆ.

ಹೆಸರಿನ ಚೌಕದ ದರ್ಬಾರು ಇದಕ್ಕೂ ಮಿಗಿಲು. ‘ಹೆಸರಿನಲ್ಲಿ ಎ ಇಂದ ಜೆಡ್‌ವರೆಗಿನ ಅಕ್ಷರ ಮಾತ್ರ ಇರಲಿ’ ಎಂದು ಹಟ ಹಿಡಿಯುವ ಫಾರಂಗೆ ಕನ್ನಡದ ಹೆಸರು ಹೆಸರೇ ಅಲ್ಲ. ‘ಕೊನೆಯ ಹೆಸರು ಕಡ್ಡಾಯ’ ಎನ್ನುವುದು ಇನ್ನೊಂದು. ಊರಿಗೊಂದು, ತಂದೆಗೊಂದು ಇನಿಷಿಯಲ್ ಇಟ್ಟುಕೊಂಡು ಅದನ್ನು ಹೆಸರಿನ ಮೊದಲಿಗೇ ಬರೆದು ಬಾಳಿದ ಜನ ಕೊನೆಯ ಹೆಸರಿಗೆ ಎಲ್ಲಿ ಹೋಗಬೇಕು? ಒಂದು ಚುಕ್ಕಿ ಒತ್ತಿ ಮುಂದೆ ಸಾಗುತ್ತಾರೆ. ‘ಶ್ರೀ ಚುಕ್ಕಿಯವರೇ, ಸ್ವಾಗತ’ ಎಂದು ಉತ್ತರ ಬರುತ್ತದೆ.

ಇನ್ನು ಯಂತ್ರಗಳ ಕಾಟ. ಫಾರಂ ಜಾಲಕ್ಕೆ ಬಿದ್ದ ಕೆಲವೇ ದಿನದಲ್ಲಿ ಬಾಟ್‌ಗಳು ಅದನ್ನು ಪತ್ತೆ ಹಚ್ಚಿ ತುಂಬತೊಡಗುತ್ತವೆ. ‘ನೀವು ಮನುಷ್ಯರೇ?’ ಎಂದು ಕೇಳುವ ಕ್ಯಾಪ್ಚಾ ಹುಟ್ಟಿದ್ದು ಇವುಗಳಿಗಾಗಿ. 2007ರ ರೀಕ್ಯಾಪ್ಚಾವಂತೂ ಮನುಷ್ಯರೆಂದು ರುಜುವಾತು ಮಾಡಲು ಬಂದವರಿಂದ ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಗಳ ಮಸುಕು ಪದಗಳನ್ನು ಓದಿಸಿಕೊಂಡಿತು, ಬಿಟ್ಟಿ ಚಾಕರಿ. ಸಣ್ಣ ವೆಬ್‌ಸೈಟಿಗೆ ಅದಕ್ಕಿಂತ ಹನಿಪಾಟ್ ಮೇಲು: ಮನುಷ್ಯರ ಕಣ್ಣಿಗೆ ಕಾಣದಂತೆ ನಾಲ್ಕನೆಯ ಚೌಕವೊಂದನ್ನು ಇಡುವುದು. ಕಂಡದ್ದನ್ನೆಲ್ಲ ತುಂಬುವ ಬಾಟ್ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಇದರಲ್ಲೂ ಒಂದು ಕುತ್ತು. ಆ ಚೌಕಕ್ಕೆ ‘ಫೋನ್’ ಎಂದೋ ‘ವಿಳಾಸ’ ಎಂದೋ ಹೆಸರಿಟ್ಟರೆ ಬ್ರೌಸರ್ ತಾನಾಗಿಯೇ ಅತಿಥಿಯ ಪರವಾಗಿ ಅದನ್ನು ತುಂಬಿಬಿಡಬಹುದು; ನಿಜವಾದ ಮನುಷ್ಯ ಯಂತ್ರವೆಂದು ಕಸದ ಬುಟ್ಟಿ ಸೇರುತ್ತಾನೆ. ಪರದೆಯನ್ನು ಕಿವಿಯಲ್ಲಿ ಓದುವ ಅಂಧರಿಗೂ ಆ ಚೌಕ ಕೇಳಿಸದಂತೆ ನೋಡಿಕೊಳ್ಳಬೇಕು.

ಅಂತೂ ಹತ್ತು ನಿಮಿಷದ ಕೆಲಸಕ್ಕೆ ಅಳಿಯನ ಎರಡು ಭಾನುವಾರ ಹೋದವು. ಹಸಿರು ಸಾಲೂ ಬದಲಾಯಿತು: ‘ನಿಮ್ಮ ಸಂದೇಶವನ್ನು ಬರೆದಿಟ್ಟುಕೊಂಡಿದ್ದೇವೆ. ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ದಯವಿಟ್ಟು ಫೋನ್ ಮಾಡಿ.’ ಸ್ಪ್ಯಾಮ್ ಕೋಣೆಯಲ್ಲಿ ಕುಳಿತಿದ್ದ ಪತ್ರಗಳಿಗೆ ಮಾವ ಒಂದೊಂದಾಗಿ ಕ್ಷಮೆ ಕೇಳಿ ಉತ್ತರ ಬರೆದರು. ಒಂದು ಉತ್ತರ ಮಾತ್ರ ವಾಪಸು ಬಂತು. ಅತಿಥಿ ತನ್ನ ವಿಳಾಸದಲ್ಲಿ ಜಿಮೇಲ್ ಎಂಬುದರ ಎರಡಕ್ಷರವನ್ನು ಹಿಂದುಮುಂದಾಗಿ ಒತ್ತಿದ್ದ. ನಾಲ್ಕು ಜನ, ಒಂದು ಮಗು, ಊಟಕ್ಕೆ ಕಡುಬು ಸಿಗುತ್ತದೆಯೇ ಎಂದು ಕೇಳಿದ್ದ. ಫೋನ್ ನಂಬರಿನ ಚೌಕ ಆಗಿನ್ನೂ ಇರಲಿಲ್ಲ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಕಾಫಿ ಮುಗಿಸಿ ಮಾವ ತಮ್ಮದೇ ಫಾರಂ ತುಂಬಿ ತಮಗೇ ಒಂದು ಸಂದೇಶ ಕಳಿಸಿಕೊಳ್ಳುತ್ತಾರೆ. 1971ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಯಂತ್ರಗಳ ನಡುವೆ ಜಾಲದ ಮೊದಲ ಇಮೇಲ್ ಕಳಿಸಿದ ರೇ ಟಾಮ್ಲಿನ್ಸನ್, ಅದರಲ್ಲಿ ಏನು ಬರೆದಿದ್ದೆನೆಂದು ನೆನಪಿಲ್ಲ, ಕೀಲಿಮಣೆಯ ಮೇಲೆ ಕೈಗೆ ಸಿಕ್ಕ ಅಕ್ಷರಗಳಿರಬೇಕು ಎನ್ನುತ್ತಿದ್ದರು. ಮಾವ ಬರೆಯುವುದೂ ಹಾಗೇ ಏನೋ ಒಂದು. ಕಳೆದ ವಾರದ್ದರಲ್ಲಿ ‘ಮಳೆ ಬಿಟ್ಟಿದೆ’ ಎಂದಿತ್ತು.