ಅಜ್ಜಿ ಕೇಳಿದ ಫೋಟೋ

ನನ್ನ ಮೊದಲ ಹಿಟ್ ಫೋಟೋ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನದ್ದು. ನಿಮ್ಮಲ್ಲಿ ಅರ್ಧ ಜನ ಅಲ್ಲಿಗೆ ಬೈಕಲ್ಲಿ ಹೋಗಿರ್ತೀರ, ಇನ್ನರ್ಧ ಜನ ರೀಲ್ಸಲ್ಲಿ ನೋಡಿರ್ತೀರ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಮುಳುಗಡೆಯಾಯಿತು, ಜನ ಬೇರೆ ಕಡೆ ಹೋದರು. ಚರ್ಚ್ ಮಾತ್ರ ಅಲ್ಲೇ ನಿಂತಿತು. ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಹೊರಗೆ.

ಸಿಇಟಿ ಮುಗಿದ ಮೇ ತಿಂಗಳಲ್ಲಿ ಚಿಕ್ಕಪ್ಪನ ಹಳೇ ಡಿಎಸ್‌ಎಲ್‌ಆರ್ ಹಿಡ್ಕೊಂಡು ಸೂರ್ಯೋದಯಕ್ಕೆ ಅಲ್ಲಿದ್ದೆ. ಐಎಸ್‌ಒ 100, ಎಫ್ 8, ಶಟರ್ 1/1000. ಆಕಾಶಕ್ಕೆ ಎಕ್ಸ್‌ಪೋಶರ್ ಇಟ್ಟೆ. ಆಕಾಶ ಕೆಂಪಗೆ ಬಂತು, ಗೋಡೆ, ಕಮಾನು ಎಲ್ಲ ಕಪ್ಪು. 'ದೆವ್ವದ ಚರ್ಚ್' ಅಂತ ಕ್ಯಾಪ್ಶನ್ ಕೊಟ್ಟು, ಮೂಲೆಯಲ್ಲಿ ದೊಡ್ಡದಾಗಿ ನನ್ನ ಹೆಸರಿನ ವಾಟರ್‌ಮಾರ್ಕ್ ಹಾಕಿ ಇನ್‌ಸ್ಟಾಗ್ರಾಂಗೆ ಹಾಕಿದೆ. ಲೈಕ್ಸ್ ಬರ್ತಾನೇ ಇತ್ತು.

ಜಂಬದಲ್ಲಿ ಅಜ್ಜಿಗೂ ತೋರಿಸಿದೆ. ಅಜ್ಜಿ ಶೆಟ್ಟಿಹಳ್ಳಿಯವಳು ಅಂತ ನನಗೆ ಗೊತ್ತಿತ್ತು, ಆದರೆ ಫೋಟೋ ತೆಗೆಯುವಾಗ ಒಂದು ಸಲವೂ ನೆನಪಾಗಿರಲಿಲ್ಲ. ಅವಳು ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದಳು.

"ಒಳಗೇನೂ ಕಾಣಲ್ವಲ್ಲ ಮಗಾ? ಪೀಠ ಇದ್ದ ಜಾಗ ಎಲ್ಲಿ? ನನ್ನ ಜ್ಞಾನಸ್ನಾನ, ಮದುವೆ ಎಲ್ಲಾ ಅಲ್ಲೇ ಆಗಿದ್ದು."

ಆಮೇಲೆ ಮೂಲೆಗೆ ಬೆರಳಿಟ್ಟು, "ಇದೇನು ಬರೆದಿರೋದು?" ಅಂದಳು.

"ನನ್ನ ಹೆಸರು ಅಜ್ಜಿ."

"ಕಲ್ಲು ಹೊತ್ತೋರ ಹೆಸರೇ ಎಲ್ಲೂ ಇಲ್ಲ. ನೀನ್ಯಾಕೆ ಬರ್ಕೊಂಡೆ?"

ಬೈದಿದ್ದಲ್ಲ, ನಿಜವಾಗಿ ಕೇಳಿದ್ದು. ಅದಕ್ಕೇ ಉತ್ತರ ಹೊಳೀಲಿಲ್ಲ. ಅವಳ ಮದುವೆಯ ಒಂದೇ ಒಂದು ಫೋಟೋ ಇಲ್ಲ ಅಂತಲೂ ಅವತ್ತೇ ಗೊತ್ತಾಯಿತು. ಪೋಸ್ಟ್ ಡಿಲೀಟ್ ಮಾಡಿದೆ. ಪೀಠದ ಜಾಗದ ಫೋಟೋ ತರ್ತೀನಿ ಅಂತ ಮಾತು ಕೊಟ್ಟೆ. ಕೌನ್ಸೆಲಿಂಗ್ ಗಡಿಬಿಡಿ ಮುಗಿಸಿ ಹೋಗೋ ಹೊತ್ತಿಗೆ ಮಳೆ ಹಿಡಿದು ನೀರು ಏರಿತ್ತು. ಇನ್ನೊಂದು ಬೇಸಿಗೆ ಬರೋ ತನಕ ಕಾಯಬೇಕು. ಅಜ್ಜಿಯ ವಯಸ್ಸಿಗೆ ಒಂದು ವರ್ಷ ಅಂದ್ರೆ ಸಣ್ಣದಲ್ಲ. ಆ ವರ್ಷ ಹಾಸ್ಟೆಲಿಗೆ ಮನೆಯಿಂದ ಫೋನ್ ಬಂದಾಗಲೆಲ್ಲ ಮೊದಲು ಭಯವಾಗ್ತಿತ್ತು.

ಫಸ್ಟ್ ಇಯರ್ ರಜೆಯಲ್ಲಿ ಅಜ್ಜಿಯನ್ನೇ ಕಾರಲ್ಲಿ ಕರ್ಕೊಂಡು ಹೋದೆವು. ಬಾಗಿಲೇ ಇಲ್ಲದ ಬಾಗಿಲ ಹತ್ತಿರ ಅವಳು ಚಪ್ಪಲಿ ಬಿಟ್ಟಳು. ನಾವೂ ಬಿಟ್ಟೆವು. ಪೀಠ ಇದ್ದ ಕಡೆ ನಿಂತು ಜಪಮಾಲೆ ಹಿಡಿದಳು. ನಾನು ಕ್ಯಾಮೆರಾ ಎತ್ತಿದವನು ಇಳಿಸಿ, ಪ್ರಾರ್ಥನೆ ಮುಗಿಯೋ ತನಕ ನಿಂತಿದ್ದೆ. ಆಮೇಲೆ, "ತೆಗೀಲಾ ಅಜ್ಜಿ?" ಅಂತ ಕೇಳಿದೆ. ಸೆರಗು ಸರಿ ಮಾಡ್ಕೊಂಡು ಹೂಂ ಅಂದಳು.

ಈ ಸಲ ಎಕ್ಸ್‌ಪೋಶರ್ ಇಟ್ಟಿದ್ದು ಅವಳ ಮುಖಕ್ಕೆ. 1/1000 ಬದಲು 1/60, ಅಂದ್ರೆ ಸುಮಾರು 16 ಪಟ್ಟು ಬೆಳಕು. ಆಕಾಶ ಪೂರ್ತಿ ಬಿಳಿಯಾಗಿ ಸುಟ್ಟು ಹೋಗಿದೆ. ಕ್ಲಬ್ಬಿನ ಸೀನಿಯರ್‌ಗೆ ತೋರಿಸಿದರೆ 'ಓವರ್‌ಎಕ್ಸ್‌ಪೋಸ್ಡ್' ಅಂದ. ಅವನು ಹೇಳಿದ್ದು ಸರಿಯೇ. ಆದರೆ ಗೋಡೆಯ ಒಂದೊಂದು ಇಟ್ಟಿಗೆಯೂ ಕಾಣತ್ತೆ, ಅಜ್ಜಿಯ ಮುಖವೂ ಕಾಣತ್ತೆ. ಪ್ರಿಂಟ್ ಹಾಕಿಸಿ ಕೊಟ್ಟೆ. ಯೇಸುವಿನ ಪಟದ ಪಕ್ಕ ತೂಗುಹಾಕಿದ್ದಾಳೆ.

ನಾವು ಕನ್ನಡದಲ್ಲಿ ಫೋಟೋ 'ಹೊಡೀತೀವಿ', ಇಲ್ಲಾಂದ್ರೆ 'ತೆಗೀತೀವಿ'. ತೆಗೆದುಕೊಂಡ ಮೇಲೆ ಕೊಟ್ಟವರಿಗೆ ಒಂದು ಥ್ಯಾಂಕ್ಸ್ ಹೇಳಬೇಕಲ್ವಾ? ಬೆಳಕು ನಾನು ಮಾಡಿದ್ದಲ್ಲ, ಮುಖವೂ ನಾನು ಮಾಡಿದ್ದಲ್ಲ. ನನ್ನ ಕೆಲಸ ಶಟರ್ ಒತ್ತೋದು ಅಷ್ಟೇ. ಈಗ ಲೆನ್ಸ್ ಕ್ಯಾಪ್ ತೆಗೆಯೋ ಮೊದಲು ಮನಸ್ಸಲ್ಲೇ ದೇವರಿಗೆ ಸ್ತೋತ್ರ ಅಂತೀನಿ. ಲೈಕ್ಸ್ ಎಷ್ಟು ಬಂತು ಅಂತ ಇವತ್ತೂ ನೋಡ್ತೀನಿ, ಸುಳ್ಳು ಹೇಳಲ್ಲ. ವಾಟರ್‌ಮಾರ್ಕ್ ಮಾತ್ರ ಹಾಕಲ್ಲ.