ಕೆಲಸ ಇವನದು, ಸಹಿ ಇನ್ನೊಬ್ಬರದು

ಭಾರತೀನಗರದಲ್ಲಿ ಬಸ್ಸಿಳಿದು ‘ಕೆ.ಎಂ. ದೊಡ್ಡಿಗೆ ಹೇಗೆ ಹೋಗಬೇಕು?’ ಎಂದು ಕೇಳುವ ಹೊಸಬರನ್ನು ಕಂಡರೆ ಊರಿನವರಿಗೆ ನಗು. ಎರಡೂ ಒಂದೇ ಊರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಈ ಊರಿನಲ್ಲಿ ಕಬ್ಬು ಅರೆಯುವ ಕಾರ್ಖಾನೆಯೂ ಇದೆ, ಹುಡುಗರನ್ನು ಪದವೀಧರರನ್ನಾಗಿ ಮಾಡುವ ಕಾಲೇಜೂ ಇದೆ. ಕಬ್ಬಿನ ಗಾಡಿ ಸಾಲುಗಟ್ಟಿ ನಿಂತಂತೆಯೇ ಪದವಿ ಮುಗಿಸಿದ ಹುಡುಗರೂ ಟೀ ಅಂಗಡಿಯ ಮುಂದೆ ನಿಂತಿರುತ್ತಾರೆ ಎಂದು ಯಾರಾದರೂ ಹೇಳಿದರೆ ಅದನ್ನು ಬರೀ ಕುಹಕ ಎಂದು ತಳ್ಳಿಹಾಕುವಂತಿಲ್ಲ.

ಇದೇ ಸೀಮೆಯ ಒಂದು ಹಳ್ಳಿಯ ರೈತರ ಎರಡನೆಯ ಮಗ 2014ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ. ದರ್ಜೆ ಎರಡನೆಯದು. ಗದ್ದೆಯ ಮೋಟಾರು ಕೆಟ್ಟಾಗಲೆಲ್ಲ ಪೈಪು ಬಿಚ್ಚಿ ಜೋಡಿಸುವುದರಲ್ಲಿ ಅವನಿಗೆ ಆಸಕ್ತಿ. ಐಟಿಐ ಸೇರಿ ಪ್ಲಂಬರ್ ಆಗುತ್ತೇನೆ ಎಂದ. ಅಪ್ಪ ಕೇಳಿದ ಪ್ರಶ್ನೆ ಒಂದೇ: ‘ಕಕ್ಕಸು ರಿಪೇರಿ ಮಾಡೋನ್ಗೆ ಯಾವನ್ಲಾ ಹೆಣ್ ಕೊಟ್ಟಾನು?’

ಹುಡುಗ ಪಿಯುಸಿ ವಿಜ್ಞಾನ ಸೇರಿದ. ಭೌತಶಾಸ್ತ್ರ, ಗಣಿತ ಎರಡೂ ಕೈಕೊಟ್ಟವು. ಮರುಪರೀಕ್ಷೆಯಲ್ಲೂ ಅದೇ ಕತೆ. 2017ರಲ್ಲಿ ಸಂಬಂಧಿಕರೊಬ್ಬರ ಜೊತೆ ಬೆಂಗಳೂರಿನ ಬಸ್ ಹತ್ತಿದವನು ಕೊನೆಗೆ ಸೇರಿದ್ದು ಕಟ್ಟಡವೊಂದರಲ್ಲಿ ಪ್ಲಂಬರ್‌ನ ಕೈಯಾಳಾಗಿ. ಅಪ್ಪ ಮುಂಬಾಗಿಲಲ್ಲಿ ಬೇಡವೆಂದ ಕೆಲಸ ಹಿತ್ತಿಲ ಬಾಗಿಲಿನಿಂದ ಬಂತು, ಆದರೆ ಸರ್ಟಿಫಿಕೇಟು ಇಲ್ಲದೆ ಬಂತು.

ದಿನಕ್ಕೆ 350 ರೂಪಾಯಿ ಕೂಲಿ. ಅವನ ಮೇಸ್ತ್ರಿ ಒಡಿಶಾದ ಕೇಂದ್ರಪಾರಾ ಜಿಲ್ಲೆಯವರು. ದೇಶದ ಯಾವ ದೊಡ್ಡ ನಗರದಲ್ಲಿ ಬಹುಮಹಡಿ ಕಟ್ಟಡ ಏಳುತ್ತಿದ್ದರೂ ಅಲ್ಲಿ ಪೈಪು ಜೋಡಿಸುವವರಲ್ಲಿ ಆ ಜಿಲ್ಲೆಯವರು ಸಿಗುತ್ತಾರೆ. ಅಲ್ಲಿನ ಪಟ್ಟಾಮುಂಡೈನಲ್ಲಿ ಸರ್ಕಾರ ಪ್ಲಂಬಿಂಗ್ ಕಲಿಸಲೆಂದೇ ಸಂಸ್ಥೆಯೊಂದನ್ನು ತೆರೆದಿದೆ. ಇತ್ತ ನೋಡಿದರೆ, ಬೆಂಗಳೂರು ಕುಡಿಯುವ ಕಾವೇರಿ ಹೊರಡುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 1974ರಲ್ಲಿ ಮೊದಲನೆಯ ಹಂತ ಆರಂಭವಾಯಿತು, ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತವನ್ನು 2024ರ ಅಕ್ಟೋಬರಿನಲ್ಲಿ ಅಲ್ಲಿಯೇ ಉದ್ಘಾಟಿಸಿದರು. ನೀರು ನಮ್ಮ ಪಕ್ಕದ ಊರಿನದು, ಅದನ್ನು ಮನೆಯೊಳಗೆ ತರುವ ಕೈ ಮಾತ್ರ ಎಲ್ಲಿಯದೋ. ಇದರಲ್ಲಿ ಒಡಿಶಾದವರ ತಪ್ಪೇನೂ ಇಲ್ಲ. ಅವರು ಕಲಿತರು, ಬಂದರು. ನಮ್ಮವರು ‘ಛೀ’ ಎಂದು ಕುಳಿತರು.

ಹುಡುಗ ಚುರುಕಾಗಿದ್ದ. ಮೂರು ವರ್ಷದಲ್ಲಿ ಕೂಲಿ 600ಕ್ಕೆ ಏರಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಹಾಕಲೇಬೇಕೆಂದು ಆದೇಶಿಸಿತಲ್ಲ, ಆ ದಿನಗಳಲ್ಲಿ ಅವನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ದಿನಗೂಲಿ ಸಾವಿರ ಮುಟ್ಟಿತ್ತು. ತಿಂಗಳಿಗೆ 25 ದಿನ ಕೆಲಸ ಸಿಕ್ಕರೆ 25 ಸಾವಿರ. ಪದವಿ ಮುಗಿಸಿದ ಗೆಳೆಯರಲ್ಲಿ ಕೆಲವರು ಅಂಗಡಿ ಲೆಕ್ಕ ಬರೆದು ಇದರ ಅರ್ಧ ತರುತ್ತಿದ್ದರು.

ಹಾಗಾದರೆ ಕೊರತೆ ಏನು? ಹೊಸ ಮನೆಗೆ ನೀರಿನ ಸಂಪರ್ಕ ಬೇಕೆಂದು ಅರ್ಜಿ ಹಾಕುವಾಗ ಆ ಕೊರತೆ ಎದುರಾಗುತ್ತಿತ್ತು. ಬೆಂಗಳೂರು ಜಲಮಂಡಳಿ 1964ರ ಕಾಯ್ದೆಯಿಂದ ಹುಟ್ಟಿದ್ದು. ಅದರ ಕೊಳವೆಗೆ ಸೇರುವ ಕೆಲಸ ಪರವಾನಗಿ ಪಡೆದ ಪ್ಲಂಬರ್ ಮೂಲಕವೇ ಆಗಬೇಕು, ಅರ್ಜಿಯಲ್ಲಿ ಅವರ ಸಹಿ ಇರಬೇಕು. ಮನೆಯೊಳಗೆ ಪೈಪನ್ನೆಲ್ಲ ಎಳೆದವನು ಇವನು; ಸಹಿಗೆ ಮತ್ತೊಬ್ಬರ ಮನೆಯ ಮೆಟ್ಟಿಲು ಹತ್ತಬೇಕು, ಸಹಿಯ ದುಡ್ಡು ಅವರಿಗೆ ಕೊಡಬೇಕು. ಮನೆಯ ಒಡೆಯನ ಕಣ್ಣಿನಲ್ಲಿ ಸಹಿ ಹಾಕಿದವರು ‘ಪ್ಲಂಬರ್ ಸಾಹೇಬರು’, ಇವನು ‘ಹುಡುಗ’. ಇಪ್ಪತ್ತಾರು ವರ್ಷವಾದ ಮೇಲೂ ಹುಡುಗನೇ.

ಅನ್ಯಾಯ ಎನ್ನಿಸಬಹುದು. ಆದರೆ ಒಂದು ಪ್ರಸಂಗ ಅವನಿಗೆ ಬೇರೆಯದನ್ನೇ ಹೇಳಿಕೊಟ್ಟಿತು.

ಮೂರು ಅಂತಸ್ತಿನ ಮನೆಯೊಂದರ ಕೆಲಸವನ್ನು ಅವನು ಒಪ್ಪಂದಕ್ಕೆ ಹಿಡಿದ. ಮೇಸ್ತ್ರಿ ಯಾವಾಗಲೂ ಕಕ್ಕಸಿನ ಪೈಪಿನ ಜೊತೆಗೆ ತಾರಸಿಯವರೆಗೆ ಒಂದು ಗಾಳಿಕೊಳವೆ ಏರಿಸುತ್ತಿದ್ದರು. ಏಕೆಂದು ಅವರು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಖರ್ಚು ಉಳಿಯಲಿ ಎಂದು ಇವನು ಅದನ್ನು ಬಿಟ್ಟ. ಸಂಸಾರ ಬಂದು ಸೇರಿದ ವಾರದಲ್ಲೇ ಕೆಳಗಿನ ಬಚ್ಚಲಿನಿಂದ ತಡೆಯಲಾರದ ನಾತ. ಫಿನಾಯಿಲು ಸುರಿದರು, ಹೋಗಲಿಲ್ಲ. ಒಡೆಯ ಬೈದದ್ದು ಬೀದಿಗೆಲ್ಲ ಕೇಳಿಸಿತು.

ಕಾರಣ ಪ್ರೌಢಶಾಲೆಯ ಪಾಠದಲ್ಲೇ ಇದೆ. ಬಚ್ಚಲಿನ ಕೊಳವೆಯಲ್ಲಿ ಬಳುಕಿದ ಒಂದು ಭಾಗವಿರುತ್ತದೆ, ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಬಳಕೆ ಮುಗಿದ ಮೇಲೂ ಅಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತಿರುತ್ತದೆ. ಆ ಎರಡು ಅಂಗುಲ ನೀರೇ ಚರಂಡಿಯ ಗಾಳಿಗೂ ಮನೆಯ ಗಾಳಿಗೂ ನಡುವಿನ ಬಾಗಿಲು. ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮ್ಮಿಂಗ್ ಕಕ್ಕಸಿಗೆ ಇಂಥ ಬಳುಕು ಕೊಳವೆ ಜೋಡಿಸಿ ಪೇಟೆಂಟ್ ಪಡೆದದ್ದು 1775ರಲ್ಲಿ. ಮೇಲಿನ ಅಂತಸ್ತಿನಲ್ಲಿ ಫ್ಲಶ್ ಮಾಡಿದಾಗ ನೀರು ಧೋ ಎಂದು ಇಳಿಯುತ್ತ ತನ್ನ ಹಿಂದೆ ಗಾಳಿಯ ಒತ್ತಡವನ್ನು ತಗ್ಗಿಸುತ್ತದೆ. ಗಾಳಿಕೊಳವೆ ಇದ್ದರೆ ತಾರಸಿಯಿಂದ ಗಾಳಿ ಬಂದು ಆ ಕೊರತೆ ತುಂಬುತ್ತದೆ. ಇಲ್ಲದಿದ್ದರೆ? ಸ್ಟ್ರಾ ಹಾಕಿ ಎಳನೀರು ಹೀರಿದಂತೆ ಬೇರೆ ಬಚ್ಚಲುಗಳ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತದೆ. ಬಾಗಿಲು ತೆರೆಯಿತು, ನಾತ ಒಳಗೆ ಬಂತು. ಗೋಡೆ ಒಡೆದು ಸರಿಪಡಿಸಲು ಹುಡುಗನ ಕೈಯಿಂದ 18 ಸಾವಿರ ಹೋಯಿತು.

ಪಿಯುಸಿಯಲ್ಲಿ ಕೈಕೊಟ್ಟ ಭೌತಶಾಸ್ತ್ರ ಹೀಗೆ ಬಾಕಿ ವಸೂಲಿ ಮಾಡಿತು. ಷವರ್‌ನಲ್ಲಿ ನೀರು ಜೋರಾಗಿ ಬರುತ್ತಿಲ್ಲ ಎಂದು ದಪ್ಪ ಪೈಪು ಹಾಕಿಸುವವರು ಎಷ್ಟೋ ಜನ. ಒತ್ತಡ ಕೊಡುವುದು ಟ್ಯಾಂಕಿನ ಎತ್ತರ, ಪೈಪಿನ ದಪ್ಪವಲ್ಲ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ವಾಯುಮಂಡಲದಷ್ಟು ಒತ್ತುತ್ತದೆ. ತೊರೆಕಾಡನಹಳ್ಳಿಯ ನೀರನ್ನು ಬೆಂಗಳೂರಿಗೆ ಸುಮಾರು 500 ಮೀಟರ್ ಎತ್ತಬೇಕು. ಒಂದೇ ನೆಗೆತಕ್ಕೆ ಎತ್ತಿದರೆ ಕೊಳವೆ 50 ವಾಯುಮಂಡಲ ತಡೆಯಬೇಕಾಗುತ್ತದೆ. ಅದಕ್ಕೇ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡಿ ಮೂರು ಮೆಟ್ಟಿಲಲ್ಲಿ ಏರಿಸುತ್ತಾರೆ. ಗದ್ದೆಯ ಮೋಟಾರಿಗೂ ಇದಕ್ಕೂ ಲೆಕ್ಕ ಒಂದೇ.

18 ಸಾವಿರ ಕಳೆದುಕೊಂಡ ಮೇಲೆ ಅವನು ವಿಚಾರಿಸತೊಡಗಿದ. ತಿಳಿದುಬಂದದ್ದು ಎಷ್ಟೋ ಪೋಷಕರಿಗೂ ಬೇಕಾದ ವಿಷಯ. ಐಟಿಐಗಳಲ್ಲಿ ಪ್ಲಂಬರ್ ಒಂದು ವರ್ಷದ ತರಬೇತಿ. ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. 14 ವರ್ಷ ತುಂಬಿರಬೇಕು, ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಪಾಸಾದರೆ ದೇಶದೆಲ್ಲೆಡೆ ನಡೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಎಲ್ಲ ಐಟಿಐಗಳಲ್ಲೂ ಈ ವಿಭಾಗ ಇರುವುದಿಲ್ಲ; ಫಿಟ್ಟರ್, ಎಲೆಕ್ಟ್ರೀಷಿಯನ್ ಸೀಟಿಗೆ ನೂಕುನುಗ್ಗಲು, ಪ್ಲಂಬರನ್ನು ಕೇಳುವವರು ಕಡಿಮೆ. ಆದ್ದರಿಂದ ಫಲಿತಾಂಶ ಬಂದ ವಾರದಲ್ಲೇ ವಿಭಾಗ ಎಲ್ಲಿದೆ, ಅದಕ್ಕೆ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ಕೇಳಬೇಕು. ಮೂರು ತಿಂಗಳ ಸರ್ಟಿಫಿಕೇಟನ್ನೂ ಇದನ್ನೂ ಒಂದೇ ಎಂದು ಹೇಳಿ ದುಡ್ಡು ಕೀಳುವವರೂ ಇದ್ದಾರೆ.

ಅದರ ಮೇಲೆ 1961ರ ಕಾಯ್ದೆಯಂತೆ ಅಪ್ರೆಂಟಿಸ್ ಆಗಬಹುದು. 2019ರ ನಿಯಮ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಭತ್ಯೆ ಗೊತ್ತುಮಾಡಿತು. ದೊಡ್ಡ ಮೊತ್ತವಲ್ಲ, ಕಲಿಯುವ ದಿನಗಳ ಬಸ್ಸು ಮತ್ತು ಊಟದ ಖರ್ಚು. ಪರವಾನಗಿ ಕೊಡುವುದು ಐಟಿಐ ಅಲ್ಲ. ಬೆಂಗಳೂರಿನಲ್ಲಿ ಜಲಮಂಡಳಿ, ಬೇರೆ ಊರುಗಳಲ್ಲಿ ಆಯಾ ನೀರು ಸರಬರಾಜಿನ ಅಧಿಕಾರ ಉಳ್ಳವರು. ಯಾವ ವಿದ್ಯಾರ್ಹತೆ, ಎಷ್ಟು ಅನುಭವ ಎಂಬುದನ್ನು ಆ ಕಚೇರಿಯಲ್ಲೇ ಕೇಳಿ, ಆಮೇಲೆ ತರಬೇತಿ ಆರಿಸಿಕೊಳ್ಳುವುದು ಜಾಣತನ. ಅಮೆರಿಕದಲ್ಲಿ ನಾಲ್ಕೈದು ವರ್ಷ ಅಪ್ರೆಂಟಿಸ್ ಆಗಿ ದುಡಿದ ಮೇಲೆಯೇ ಹೆಚ್ಚಿನ ರಾಜ್ಯಗಳಲ್ಲಿ ಪ್ಲಂಬರ್ ಪರವಾನಗಿ. 2023ರ ಅಲ್ಲಿನ ಸರ್ಕಾರಿ ಅಂಕಿ ಅಂಶದಂತೆ ಪ್ಲಂಬರ್‌ಗಳ ಮಧ್ಯಮ ವಾರ್ಷಿಕ ಗಳಿಕೆ 61,550 ಡಾಲರ್. ಅಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಮಕ್ಕಳು ನಲ್ಲಿ ಸೋರಿದರೆ ತಾವೇ ವ್ರೆಂಚು ಹಿಡಿಯುವುದು ಸುಮ್ಮನೆ ಅಲ್ಲ!

ಅಪ್ಪನಿಗೆ ಇನ್ನೊಂದು ಅಂಜಿಕೆ ಇತ್ತು, ಬಾಯಿಬಿಟ್ಟು ಹೇಳದ ಅಂಜಿಕೆ. ಮಗನನ್ನು ಮ್ಯಾನ್‌ಹೋಲಿಗೆ ಇಳಿಸಿಬಿಟ್ಟರೆ? ಹೆದರಿಕೆಗೆ ಕಾರಣವಿದೆ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಪ್ರಮಾಣ ಹೆಚ್ಚಾದರೆ ಮೂಗನ್ನೇ ಮಂಕಾಗಿಸುತ್ತದೆ, ವಾಸನೆ ಹೋಯಿತೆಂದು ಧೈರ್ಯ ಮಾಡಿದವನು ಮೇಲೆ ಬರುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ, ಮಲದ ಗುಂಡಿಗೆ ಯಾರನ್ನೂ ಇಳಿಸಕೂಡದೆಂದು 2013ರ ಕಾಯ್ದೆ ನಿಷೇಧಿಸಿದೆ. ಪ್ಲಂಬರ್‌ನ ಕೆಲಸ ಕಟ್ಟಡದ ಕೊಳವೆಯದು. ಎಷ್ಟೇ ದುಡ್ಡು ಕೊಟ್ಟರೂ ಗುಂಡಿಗೆ ಇಳಿಯೆನು ಎನ್ನುವುದು ಕಲಿತವನ ಹಕ್ಕು. ಮಗ ಇದನ್ನು ಬಿಡಿಸಿ ಹೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂಗಂತ ಆವತ್ತೇ ಯೋಳ್ಬಾರ್ದಿತ್ತಾ?’ ಎಂದರು. ಆವತ್ತು ಅವನಿಗೆ ಹದಿನಾರು, ಗೊತ್ತಿರಲಿಲ್ಲ.

ಒಂದು ವರ್ಷ ಕೂತು ಓದಿದರೆ ಮೂರು ಲಕ್ಷದಷ್ಟು ಕೂಲಿ ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ, ಭಾನುವಾರಗಳಲ್ಲಿ ಒಂದಿಷ್ಟು ಸಂಪಾದಿಸಬಹುದು. ಮನೆ ಮನೆಗೆ ಗಂಗೆ ಯೋಜನೆಯ ನಲ್ಲಿಗಳು ಹಳ್ಳಿಗಳಿಗೂ ಬಂದ ಮೇಲೆ ಸೋರುವ ನಲ್ಲಿಗೆ ಬರವಿಲ್ಲ. ಹೆಂಡತಿಯೇ ಲೆಕ್ಕ ಹಾಕಿ ‘ಸೇರ್ಕೊಳಿ’ ಎಂದಳು. ಹೆಣ್ಣು ಕೊಟ್ಟವರೂ ಇದ್ದರು ಎಂದಾಯಿತು.

2025ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅವನು ಜಿಲ್ಲೆಯ ಐಟಿಐ ಒಂದನ್ನು ಸೇರಿದ. ಭಾರತೀನಗರದಲ್ಲಿ ಬೆಳಗಿನ ಬಸ್ ಹತ್ತುವಾಗ ಜೊತೆಯಲ್ಲಿ ಹದಿನಾರರ ಹುಡುಗರು. ಎಲ್ಲರಿಗೂ ಅವನು ‘ಅಣ್ಣ’. ಮೊದಲ ವಾರ ಬೋಧಕರು ಅರ್ಧ ಅಂಗುಲದ ಜಿಐ ಪೈಪು ಕೊಟ್ಟು ಡೈ ತಿರುಗಿಸಿ ಮರೆ ಕೊಯ್ಯಲು ಹೇಳಿದರು. ಇವನದು ಎರಡೇ ನಿಮಿಷದಲ್ಲಿ ಮುಗಿಯಿತು. ‘ಅಂಗುಲಕ್ಕೆ ಎಷ್ಟು ಎಳೆ?’ ಎಂದು ಅವರು ಕೇಳಿದರು. ಎಂಟು ವರ್ಷ ಸಾವಿರಾರು ಪೈಪು ಕೊಯ್ದವನು ಉತ್ತರ ಗೊತ್ತಿಲ್ಲದೆ ನಿಂತ. ಆಮೇಲೆ ಸ್ಕೇಲು ಹಿಡಿದು, ಉಗುರಿನ ತುದಿಯಿಂದ ಒಂದೊಂದೇ ಎಣಿಸಿದ. ಹದಿನಾಲ್ಕು.

ರಾತ್ರಿ ಅಪ್ಪ ಕೇಳಿದರು, ‘ಏನ್ಲಾ ಯೋಳ್ಕೊಟ್ರು?’

‘ಎಳೆ ಎಣ್ಸೋದು’ ಎಂದ. ಅಪ್ಪ ಹಿತ್ತಿಲಿಗೆ ಹೋಗಿ ಬಹಳ ದಿನದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತೋರಿಸಿದರು.